ಹೆಣದ ಯಜಮಾನಿ

ಪಾದ್ರಿ ಗಿಲ್ಮೋರ್ ಶುಕ್ರವಾರ ಬೆಳಗ್ಗೆ ಸತ್ತ. ಶನಿವಾರ ಬೆಳಗಾದರೂ ಅವನಿಗೊಂದು ಗುಂಡಿ ಸಿಕ್ಕಿರಲಿಲ್ಲ.

ಅಕ್ಟೋಬರ್ ತಿಂಗಳು. ನಮ್ಮ ಚಿಕೋಜಾದಲ್ಲಿ ಅಕ್ಟೋಬರ್ ಬಂದರೆ ಆಡುಗಳು ಕೂಡ ನೆರಳಿಗಾಗಿ ಗುದ್ದಾಡುತ್ತವೆ. ಕಡಲಾಚೆಯಿಂದ ಬಂದು ನಲವತ್ತು ವರ್ಷ ನಮಗೆ ನರಕದ ಬಿಸಿಯನ್ನು ವರ್ಣಿಸಿದ ಮನುಷ್ಯ ಮಿಷನ್ ಮನೆಯ ನಡುಕೋಣೆಯಲ್ಲಿ, ತಗಡಿನ ಮಾಡಿನ ಕೆಳಗೆ, ಪೆಟ್ಟಿಗೆಯೊಳಗೆ ಊದಿಕೊಳ್ಳುತ್ತ ಮಲಗಿದ್ದ. ತನ್ನನ್ನು ರಾಜಧಾನಿ ಲಿಲೊಂಗ್ವೆಗೆ ಒಯ್ಯಬಾರದು, ಹೆಂಡತಿ ಮಾರ್ಗರೆಟ್ ಪಕ್ಕದಲ್ಲೇ ಹೂಳಬೇಕು ಎಂದು ಬರೆದಿಟ್ಟಿದ್ದ. ಅಪ್ಪಣೆ ಕೊಡುವುದು ಸತ್ತ ಮೇಲೂ ಅವನಿಗೆ ತಪ್ಪಿರಲಿಲ್ಲ.

ಗುಂಡಿ ತೋಡುವವರನ್ನು ನಮ್ಮಲ್ಲಿ ಮೊಮ್ಮಕ್ಕಳು ಎನ್ನುತ್ತಾರೆ. ಅರವತ್ತು ದಾಟಿದವರೂ ಅವರಲ್ಲಿದ್ದಾರೆ. ಅವರ ಗುದ್ದಲಿ ಏಳದೆ ಊರಿನ ಯಾವ ಹೆಣವೂ ಮಣ್ಣಿಗಿಳಿಯುವುದಿಲ್ಲ. ಊರ ಮುಖಂಡನಿಗೂ ಅವರ ಮೇಲೆ ಅಧಿಕಾರವಿಲ್ಲ. ಗುದ್ದಲಿ ಎತ್ತುವ ಮುಂಚೆ ಅವರು ಒಂದೇ ಒಂದು ಪ್ರಶ್ನೆ ಕೇಳುತ್ತಾರೆ: ಹೆಣ ಯಾರದು? ಸತ್ತವನ ಹೆಸರನ್ನು ಕೇಳುವುದಲ್ಲ ಅದು. ಈ ಸಾವು ನನ್ನದು ಎಂದು ಎದ್ದು ನಿಲ್ಲುವವರು ಯಾರು, ನಮಗೆ ಮುದ್ದೆ ಬೇಯಿಸುವವರು ಯಾರು, ಗುಂಡಿಯ ತಲೆದಿಕ್ಕಿನಲ್ಲಿ ಕೂರುವವರು ಯಾರು ಎಂದು ಕೇಳುವುದು. ಆರು ವರ್ಷದ ಹಿಂದೆ ಮಾರ್ಗರೆಟ್ ಸತ್ತಾಗ ಗಂಡನೇ ಯಜಮಾನನಾಗಿದ್ದ. ಅದೂ ಅಲ್ಲದೆ ಆಕೆ ಊರಿನ ಎಲ್ಲ ಸಾವಿಗೂ ಬಂದು ಹೆಂಗಸರ ನಡುವೆ ನೆಲದ ಮೇಲೆ ಕಾಲು ಚಾಚಿ ಕೂತವಳು. ಮೊಮ್ಮಕ್ಕಳು ಕೇಳದೆಯೇ ತೋಡಿದ್ದರು.

ಗಿಲ್ಮೋರನ ವಿಷಯಕ್ಕೆ ಶುಕ್ರವಾರ ಹೋದವನು ಚರ್ಚಿನ ಹಿರಿಯರ ಸಭೆಯ ಮುಖ್ಯಸ್ಥ ಡಾಫುಲೇನಿ. ಬಿಸಿಲಿಗೆ ಕೋಟು ಹಾಕಿಕೊಂಡು ಹೋಗಿದ್ದ. ಸಭೆಯ ಗುಮಾಸ್ತನಾದ್ದರಿಂದ ನಾನೂ ಹಿಂದೆ ಇದ್ದೆ. ಮೊಮ್ಮಕ್ಕಳ ಮುಂದಾಳು ಬಿಸ್ವಿಕ್ ಮಾವಿನ ಮರದ ಬುಡದಲ್ಲಿ ಕೂತು ಕಬ್ಬು ಸೀಳುತ್ತಿದ್ದ. ಬಿಸ್ವಿಕ್ ನನ್ನ ಅಪ್ಪನ ಮೊದಲ ಹೆಂಡತಿಯ ಮಗ. ಮುಖವಾಡ ಹಾಕಿ ಕುಣಿಯುವವರ ಗುಂಪಿನವನು. ಚರ್ಚಿನ ಲೆಕ್ಕದಲ್ಲಿ ಸೈತಾನನ ಸ್ವಂತ ಮಗ.

"ಹೆಣ ಯಾರದು?" ಎಂದ ಬಿಸ್ವಿಕ್.

"ಚರ್ಚಿನದು," ಎಂದ ಡಾಫುಲೇನಿ.

"ಚರ್ಚಿಗೆ ಒಲೆ ಇದ್ಯಾ ಹಿರಿಯರೇ?"

"ಹಾಗೆಲ್ಲ ಮಾತಾಡಬೇಡಪ್ಪ. ದೇವರ ಸೇವಕ. ದೇವರ ಹೆಣ ಅಂತ ತಿಳ್ಕೊ."

"ಹಂಗಾದ್ರೆ ದೇವರೇ ತೋಡ್ಲಿ ಬಿಡಿ. ಮೂರನೇ ದಿನ ಎಬ್ಬಿಸೋದು ಹೆಂಗೂ ಅವನಿಗೆ ರೂಢಿ." ಕಬ್ಬಿನ ಸಿಪ್ಪೆ ಉಗಿದ. "ಹೋಗ್ಲಿ, ನೀವು ನನ್ನದು ಅನ್ನಿ. ನಿಮ್ಮ ಮನೇಲಿ ಒಲೆ ಇದ್ಯಲ್ಲ?"

ಡಾಫುಲೇನಿ ಕರವಸ್ತ್ರದಿಂದ ಕತ್ತು ಒರೆಸಿಕೊಂಡ. ನಮ್ಮಲ್ಲಿ ಇನ್ನೊಬ್ಬರ ಕುಲದ ಸಾವನ್ನು ತಲೆಗೆ ಕಟ್ಟಿಕೊಂಡವನ ಮನೆಗೆ ಅದರ ಶನಿಯೂ ಹಿಂಬಾಲಿಸುತ್ತದೆ ಎಂದು ಜನ ಹೆದರುತ್ತಾರೆ. ಡಾಫುಲೇನಿ ಅಂಥದ್ದನ್ನೆಲ್ಲ ನಂಬುವುದಿಲ್ಲ. ಈಸ್ಟರಿನಲ್ಲಿ ಅದರ ಬಗ್ಗೆಯೇ ಮುಕ್ಕಾಲು ಗಂಟೆ ಪ್ರಸಂಗ ಮಾಡಿದ್ದ. ಆದರೂ ಬಾಯಿ ಬಿಡಲಿಲ್ಲ.

"ನೀನು ಹೇಳ್ತೀಯಾ ಮೇಷ್ಟ್ರೇ?" ಬಿಸ್ವಿಕ್ ನನ್ನ ಕಡೆ ತಿರುಗಿದ. "ನಿನ್ನನ್ನ ಓದಿಸ್ದೋನಲ್ವಾ?"

ನಾನು ನೆಲ ನೋಡಿದೆ. ನೆಲದಲ್ಲಿ ಇರುವೆಗಳಿದ್ದವು.

ಊರಿನವರಿಗೆ ಗಿಲ್ಮೋರನ ಮೇಲಿದ್ದ ಸಿಟ್ಟು ಇಷ್ಟೇ: ಅವನು ಯಾರ ಸಾವಿಗೂ ಬಂದವನಲ್ಲ. ಪುಸ್ತಕದಲ್ಲಿ ಹೆಸರಿದ್ದ ಸದಸ್ಯರು ಸತ್ತರೆ ಬಂದು, ಓದಬೇಕಾದ್ದನ್ನು ಓದಿ, ಮಣ್ಣು ಗುಡ್ಡೆಯಾಗುವ ಮೊದಲೇ ಹೋಗುತ್ತಿದ್ದ. ಸಾವಿನ ಮನೆಯ ಊಟ ಮುಟ್ಟುತ್ತಿರಲಿಲ್ಲ. ಉಳಿದವರು ಸತ್ತರೆ ಅವನ ಪಾಲಿಗೆ ಅದು ಹವಾಮಾನದ ಸುದ್ದಿ.

ನನ್ನ ಅಪ್ಪ ಸತ್ತಾಗ ನನಗೆ ಹನ್ನೆರಡು. ಹೆಣ ಎದುರಾದರೆ ನಮ್ಮಲ್ಲಿ ಲಾರಿಯವನು ಲಾರಿ ನಿಲ್ಲಿಸುತ್ತಾನೆ, ಕುಡುಕ ಕೂಡ ಟೋಪಿ ತೆಗೆದು ನಿಲ್ಲುತ್ತಾನೆ. ಗಿಲ್ಮೋರ್ ಸೈಕಲ್ ಮೇಲೆ ಎದುರು ಬಂದ. ಇಳಿಯಲಿಲ್ಲ. ದಾರಿ ಬಿಡಲಿ ಎಂದು ಬೆಲ್ ಹೊಡೆದ. ಎರಡು ಸಲ. ಚಟ್ಟದ ಮುಂದಿನ ತುದಿ ಬಿಸ್ವಿಕ್‌ನ ಹೆಗಲ ಮೇಲಿತ್ತು. ಅವನೇ ಪಕ್ಕಕ್ಕೆ ಸರಿಯಬೇಕಾಯಿತು.

ನನ್ನ ಅವ್ವ ಎನೆಲೆಸ್ ಅದೇ ಅಪ್ಪನ ಎರಡನೆಯ ಹೆಂಡತಿ. ಹುಡುಗಿಯಾಗಿದ್ದಾಗಲೇ ಗಿಲ್ಮೋರನಿಂದ ದೀಕ್ಷಾಸ್ನಾನ ಪಡೆದವಳು, ಓದು ಕಲಿತವಳು, ಹೆಂಗಸರ ಸಂಘದಲ್ಲಿ ಹಾಡು ಎತ್ತುತ್ತಿದ್ದವಳು. ಮೊದಲ ಗಂಡ ಸತ್ತಾಗ ಊರ ಪದ್ಧತಿಯಂತೆ ಗಂಡನ ಅಣ್ಣ, ಅಂದರೆ ಆಗಲೇ ಹೆಂಡತಿಯಿದ್ದ ನನ್ನ ಅಪ್ಪ, ಅವಳ ಕೈಹಿಡಿದ. ಮರುವಾರವೇ ಗಿಲ್ಮೋರ್ ಸದಸ್ಯರ ಪುಸ್ತಕದಲ್ಲಿ ಅವಳ ಹೆಸರಿನ ಮೇಲೆ ಕೆಂಪು ಗೆರೆ ಎಳೆದ. ಮೂವತ್ತೊಂದು ವರ್ಷವಾಯಿತು. ಹೆಸರಿಲ್ಲದವರಿಗೆ ರೊಟ್ಟಿ ಇಲ್ಲ, ದ್ರಾಕ್ಷಾರಸ ಇಲ್ಲ. ಸತ್ತರೆ ಸಂಘದ ಹೆಂಗಸರು ಬಂದು ಹಾಡುವುದಿಲ್ಲ. ಅಪ್ಪ ಸತ್ತು ಇವಳು ಯಾರ ಎರಡನೆಯವಳೂ ಅಲ್ಲ ಎಂದಾದ ಮೇಲೂ ಗೆರೆ ಹಾಗೇ ಉಳಿಯಿತು. ಅವ್ವ ಜೀವಮಾನದಲ್ಲಿ ಆಸೆಪಟ್ಟದ್ದು ಇದೊಂದನ್ನೇ. ಸಾಯುವುದರೊಳಗೆ ತನ್ನ ಹೆಸರು ಆ ಪುಸ್ತಕಕ್ಕೆ ವಾಪಸು ಬರಬೇಕು.

ಆ ಪುಸ್ತಕ ಆರು ವರ್ಷದಿಂದ ನನ್ನ ಹತ್ತಿರ ಇತ್ತು.

ಮಿಷನ್ ಶಾಲೆಯ ಮೇಷ್ಟರಾಗಿರಲು ಚರ್ಚಿನಲ್ಲಿ ಒಳ್ಳೆಯ ಹೆಸರು ಬೇಕು. ನನಗೆ ಒಳ್ಳೆಯ ಹೆಸರಿತ್ತು. ಪ್ರತಿ ತಿಂಗಳೂ ಸಭೆಯ ನಡಾವಳಿ ಬರೆಯುವಾಗ ಅವ್ವನ ಹೆಸರಿದ್ದ ಪುಟ ದಾಟಿಯೇ ಹೋಗುತ್ತಿದ್ದೆ. ಒಮ್ಮೆಯೂ ಎದ್ದು ನಿಂತು ಕೇಳಲಿಲ್ಲ.

ಶನಿವಾರ ಬೆಳಗ್ಗೆ ಹಿರಿಯರು ತಾವೇ ತೋಡುವುದೆಂದು ತೀರ್ಮಾನಿಸಿದರು. ಐದು ಜನ, ಐದು ಗುದ್ದಲಿ, ಒಂದು ಪ್ರಾರ್ಥನೆ. ಮಿಷನ್ನಿನ ಸ್ಮಶಾನ ಊರಿನ ಸ್ಮಶಾನದಂತೆ ಕಾಡು ಬೆಳೆದ ಜಾಗವಲ್ಲ. ಬೇಲಿ ಹಾಕಿ ಹುಲ್ಲು ಕತ್ತರಿಸಿದ ಜಾಗ, ಅಲ್ಲಿ ಸತ್ತವರಿಗೂ ಶಿಸ್ತು. ಡಾಫುಲೇನಿ ಮೊದಲ ಏಟು ಹಾಕಿದ. ಮಣ್ಣು ಇಟ್ಟಿಗೆಯಂತೆ ಗಟ್ಟಿಯಾಗಿತ್ತು. ಗುಂಡಿ ಮೊಣಕಾಲುದ್ದ ಆಗುವವರೆಗೆ ಎಲ್ಲರೂ ದಡದಲ್ಲೇ ನಿಂತು ಬಗ್ಗಿ ಬಗ್ಗಿ ಅಗೆದರು. ಇನ್ನು ಮುಂದೆ ಯಾರಾದರೂ ಒಳಗೆ ಇಳಿಯಲೇಬೇಕು.

"ನೀವು ಇಳೀರಿ, ನೀವು ವಯಸ್ಸಲ್ಲಿ ಚಿಕ್ಕೋರು."

"ನನಗೆ ಮೊಣಕಾಲು ನೋವು. ಗೊತ್ತಲ್ಲ ನಿಮಗೆ."

"ಮೊಣಕಾಲು ನೋವಿದ್ದೋರಿಗೆ ಇಳಿಯೋದೇ ಸುಲಭ. ಹತ್ತೋದು ಕಷ್ಟ ಅಷ್ಟೆ."

"ಇಳಿದು ಹತ್ತದೇ ಇರೋಕೆ ನಾನೇನು ಪಾದ್ರಿನಾ?"

ಮೊಮ್ಮಕ್ಕಳಲ್ಲದವರು ಗುಂಡಿಗೆ ಕಾಲಿಟ್ಟರೆ ವರ್ಷದೊಳಗೆ ಇನ್ನೊಂದು ಗುಂಡಿ ಬೇಕಾಗುತ್ತದೆ ಎನ್ನುತ್ತಾರೆ. ಮೂಢನಂಬಿಕೆ ಎಂದು ಈ ಐವರೂ ಊರೂರು ತಿರುಗಿ ಸಾರಿದವರು. ಒಬ್ಬ ಹಿರಿಯ ಶೂ ಬಿಚ್ಚಿ, ಕಾಲು ಇಳಿಬಿಟ್ಟು ಅಂಚಿನಲ್ಲಿ ಕೂತ. ಎಲ್ಲರೂ ಉಸಿರು ಬಿಗಿ ಹಿಡಿದರು. ಅವನು ಬೆರಳುಗಳನ್ನೊಮ್ಮೆ ಅಲ್ಲಾಡಿಸಿ, ಕಾಲು ಮೇಲೆಳೆದುಕೊಂಡು, ಮತ್ತೆ ಶೂ ಹಾಕಿಕೊಂಡ. ಬೇಲಿಯ ಆಚೆ ಕೂತು ನೋಡುತ್ತಿದ್ದ ಬಿಸ್ವಿಕ್ ಮತ್ತವನ ಜನ ಚಪ್ಪಾಳೆ ತಟ್ಟಿದರು.

ಹೊತ್ತು ಏರುವಷ್ಟರಲ್ಲಿ ಮಿಷನ್ ಮನೆಯ ಕಿಟಕಿಗಳನ್ನೆಲ್ಲ ತೆರೆದಿಟ್ಟರು. ನಂತರ ಮತ್ತೆ ಎಲ್ಲವನ್ನೂ ಮುಚ್ಚಿದರು. ಹೆಂಗಸರ ಸಂಘದವರು ಹಾಡುವುದನ್ನು ಅಂಗಳದ ಆ ತುದಿಗೆ ಒಯ್ದರು.

ಆಗ ನನಗೆ ಹೊಳೆಯಿತು. ಎಂಥ ಹೊತ್ತಿನಲ್ಲಿ ಎಂಥದ್ದು ಹೊಳೆಯುತ್ತದೆ ಎಂಬುದರಿಂದಲೇ ಮನುಷ್ಯ ಎಂಥವನೆಂದು ತಿಳಿಯುವುದಾದರೆ ನನ್ನದು ತಿಳಿದಂತಾಯಿತು. ಬೇಲಿ ದಾಟಿ ಬಿಸ್ವಿಕ್‌ನನ್ನು ಪಕ್ಕಕ್ಕೆ ಕರೆದೆ.

"ಅಣ್ಣ, ಸುಮ್ನೆ ಕೂರೋ ಬದಲು ಏನಾದ್ರೂ ಕೇಳು. ಅವ್ವನ ಹೆಸರು ಮತ್ತೆ ಬರೀಲಿ, ಆಮೇಲೆ ತೋಡ್ತೀವಿ ಅನ್ನು."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಪುಸ್ತಕ ಯಾರ ಹತ್ರ ಇದೆ?"

"ನನ್ನ ಹತ್ರ."

"ಪೆನ್ನು?"

ಪೆನ್ನು ನನ್ನ ಜೇಬಿನಲ್ಲಿ ಕಾಣುತ್ತಲೇ ಇತ್ತು.

"ಥೂ," ಎಂದ. "ಅಪ್ಪನ ರಕ್ತ ಇಬ್ಬರಿಗೂ ಸಮ ಹಂಚಿಲ್ಲ ಅನ್ಸುತ್ತೆ. ಆಗ್ಲಿ, ಕೇಳ್ತೀನಿ. ನಿನಗೋಸ್ಕರ ಅಲ್ಲ. ಚಿಕ್ಕವ್ವಂಗೆ."

ಕೇಳಿದ. ಹಿರಿಯರ ಸಭೆ ಅಲ್ಲೇ ಮರದ ನೆರಳಿನಲ್ಲಿ, ಮೂಗಿಗೆ ಕರವಸ್ತ್ರ ಹಿಡಿದುಕೊಂಡು ಸೇರಿತು. ಮೂವತ್ತೊಂದು ವರ್ಷ ದೇವರ ನಿಯಮಕ್ಕೆ ಅಡ್ಡ ಬಂದಿದ್ದ ವಿಷಯ ಹತ್ತು ನಿಮಿಷದಲ್ಲಿ ತೀರ್ಮಾನವಾಯಿತು. ಗಂಡ ತೀರಿಕೊಂಡು ಬಹಳ ಕಾಲವಾಗಿದೆ ಎಂದು ಒಬ್ಬನಿಗೆ ತಟ್ಟನೆ ನೆನಪಾಯಿತು. ಸಮಾರ್ಯದ ಹೆಂಗಸಿಗೆ ಐವರು ಗಂಡಂದಿರಿದ್ದರು ಎಂದು ಇನ್ನೊಬ್ಬ ಬೈಬಲಿನಿಂದ ಎತ್ತಿ ಹೇಳಿದ. ಐದು ಕೈ ಮೇಲೆದ್ದವು. ನಾನು ಪುಸ್ತಕ ತೆರೆದು, ಹೊಸ ಸಾಲಿನಲ್ಲಿ ಅವ್ವನ ಹೆಸರು ಬರೆದೆ. ಪಕ್ಕದಲ್ಲಿ ದಿನಾಂಕ.

ಡಾಫುಲೇನಿ ಬೇಲಿಯ ಹತ್ತಿರ ಹೋಗಿ ಕೈ ಮುಗಿಯುವುದೊಂದನ್ನು ಬಿಟ್ಟು ಎಲ್ಲ ಮಾಡಿದ. "ಬರೆದಾಯ್ತಪ್ಪ. ಇನ್ನು ಏಳು."

"ಒಳ್ಳೇದಾಯ್ತು," ಎಂದ ಬಿಸ್ವಿಕ್. ಕೂತಲ್ಲಿಂದ ಏಳಲಿಲ್ಲ. "ಈಗ ಹೇಳಿ. ಹೆಣ ಯಾರದು?"

"ಅಲ್ಲಯ್ಯಾ, ನೀನು ಕೇಳಿದ್ದನ್ನ..."

"ಹೆಸರು ಬರೀರಿ ಅಂದೆ, ಬರೆದ್ರಿ. ಯಜಮಾನ ಬೇಡ ಅಂತ ನಾನೆಲ್ಲಿ ಅಂದೆ? ಯಜಮಾನ ಇಲ್ಲದ ಗುಂಡಿ ತೋಡೋಕೆ ನಾವೇನು ಹೆಗ್ಗಣಗಳಾ?"

ಅವನು ಸೇಡು ತೀರಿಸಿಕೊಳ್ಳುತ್ತಿದ್ದಾನೆ ಎಂದೇ ನಾನು ಅಂದುಕೊಂಡಿದ್ದೆ. ಅಷ್ಟೇ ಅಲ್ಲ ಎಂದು ಅವನ ಮುಖ ನೋಡಿದಾಗ ತಿಳಿಯಿತು. ಅವನಿಗೆ ನಿಜಕ್ಕೂ ಯಜಮಾನ ಬೇಕಿತ್ತು. ಆ ಅಂಗಳದಲ್ಲಿ ತನ್ನ ಧರ್ಮವನ್ನು ನಂಬುತ್ತಿದ್ದವನು ಅವನೊಬ್ಬನೇ ಇರಬೇಕು.

ಅವ್ವ ಬಂದದ್ದು ಆಗ. ತಲೆಯ ಮೇಲೆ ದೊಡ್ಡ ಗಡಿಗೆ, ಕಂಕುಳಲ್ಲಿ ಸೌದೆಯ ಕಟ್ಟು. ಬಾವಿಯ ಹತ್ತಿರ ಹೆಂಗಸರು ಎಲ್ಲವನ್ನೂ ಹೇಳಿಬಿಟ್ಟಿದ್ದರು. ಗಡಿಗೆ ಇಳಿಸಿ ನೇರ ಬಿಸ್ವಿಕ್‌ನ ಮುಂದೆ ನಿಂತಳು.

"ನನ್ನ ಹೆಸರು ಬರೆಸು ಅಂತ ನಿನಗೆ ಯಾರು ಹೇಳಿದ್ರು?"

ಬಿಸ್ವಿಕ್ ಗದ್ದದಿಂದ ನನ್ನ ಕಡೆ ತೋರಿಸಿದ.

ಅವ್ವ ತಿರುಗಿ ನೋಡಿದಳು. ಕೆನ್ನೆಗೆ ಹೊಡೆದಿದ್ದರೆ ಚೆನ್ನಾಗಿತ್ತು.

"ಆರು ವರ್ಷ ನಿನ್ನ ಕೈಲಿ ಪೆನ್ನಿತ್ತು ಕಣೋ," ಎಂದಳು. "ನಿನಗೆ ಬರೀಲಿಕ್ಕೆ ಒಂದು ಹೆಣ ನಾರಬೇಕಿತ್ತಾ?"

ಸಂಘದ ಹೆಂಗಸರ ಹಾಡು ನಿಂತಿತು. ಅವ್ವ ಮತ್ತೆ ಬಿಸ್ವಿಕ್‌ನ ಕಡೆ ತಿರುಗಿದಳು.

"ಏಳು. ಹೆಣ ನನ್ನದು."

"ಚಿಕ್ಕವ್ವ, ನಿನಗೆ ತಲೆ ಕೆಟ್ಟಿದ್ಯಾ? ಅಪ್ಪನ ಹೆಣಕ್ಕೆ ಬೆಲ್ ಹೊಡೆದೋನು."

"ನನಗೂ ಕಿವಿ ಇತ್ತು. ನಾನೂ ಕೇಳಿದೀನಿ."

"ಹೆಂಗಸು ಯಜಮಾನಿ ಆಗೋದು ಎಲ್ಲಾದ್ರೂ ಇದ್ಯಾ?"

"ಇಲ್ಲಿ ಎಷ್ಟು ಜನ ಗಂಡಸರಿದೀರಿ, ಎಣಿಸು. ನಿನ್ನೆಯಿಂದ ಒಬ್ಬನಾದ್ರೂ ಬಾಯಿ ಬಿಟ್ನಾ? ಅವನು ಇಳೀಲಿಲ್ಲ ಅಂತ ನಾನೂ ಸೈಕಲ್ ಮೇಲೆ ಹೋಗಿಬಿಡ್ಲಾ? ಗಡಿಗೇಲಿ ಕಾಳು ನೆನೆಹಾಕಿ ತಂದಿದೀನಿ. ಕುಂಬಳದ ಸೊಪ್ಪಿದೆ. ಕೋಳಿ ನಿನ್ನ ಮನೇದೇ ಒಂದು ಹಿಡ್ಕೊಂಬಾ, ಆಮೇಲೆ ಕೊಡ್ತೀನಿ. ಏಳು ಅಂದೆ."

ಬಿಸ್ವಿಕ್ ಎದ್ದ. ಅವನು ಏಳುತ್ತಲೇ ಅವನ ಹನ್ನೆರಡು ಜನವೂ ಎದ್ದರು. ಹಿರಿಯರು ಅರ್ಧಂಬರ್ಧ ಕೆರೆದಿದ್ದ ಗುಂಡಿಯನ್ನು ನೋಡಿ ಒಬ್ಬ ಮೊಮ್ಮಗ, "ಇದೇನು, ಗೆಣಸು ನೆಡೋಕಾ?" ಎಂದ. ಮಧ್ಯಾಹ್ನ ಕಳೆಯುವುದರೊಳಗೆ ಗುಂಡಿ ಎದೆಯುದ್ದವಾಗಿ, ಅಂಚು ಕತ್ತರಿಸಿದಷ್ಟು ನೇರವಾಗಿತ್ತು. ಅವ್ವ ಬೇಲಿಯ ಹೊರಗೆ ಮೂರು ಕಲ್ಲಿಟ್ಟು ಮುದ್ದೆ ತೊಳಸುತ್ತಿದ್ದಳು. ಸಂಘದ ಹೆಂಗಸರು ದೂರದಿಂದ ನೋಡಿದರು. ಸ್ವಲ್ಪ ಹತ್ತಿರ ಬಂದರು. ಕೊನೆಗೆ ಬಿಳಿ ರವಿಕೆಯ ತೋಳು ಮಡಚಿಕೊಂಡು ಒಬ್ಬಳು ನೀರು ತಂದಳು, ಇನ್ನೊಬ್ಬಳು ಸೊಪ್ಪು ಸೋಸಿದಳು. ಅವ್ವ ಯಾರನ್ನೂ ಕರೆಯಲಿಲ್ಲ, ಯಾರನ್ನೂ ಬೇಡ ಎನ್ನಲೂ ಇಲ್ಲ.

ಹೂಳುವ ಮುಂಚೆ ಸತ್ತವನ ಬಾಳನ್ನು ಹೇಳುವುದು ನಮ್ಮ ಪದ್ಧತಿ. ಹೇಳುವವರು ಯಾರೆಂದು ನಿರ್ಧರಿಸುವವನು ಹೆಣದ ಯಜಮಾನ. ಡಾಫುಲೇನಿ ನಾಲ್ಕು ಪುಟ ಬರೆದು ತಂದಿದ್ದ. ನಾನೇ ತಿದ್ದಿಕೊಟ್ಟಿದ್ದೆ, ಅದರಲ್ಲಿ ಬೆಳಕು ಎಂಬ ಪದ ಹದಿನೇಳು ಸಲ ಇತ್ತು. ಅವನು ಅವ್ವನ ಹತ್ತಿರ ಬಂದು, ಇಡೀ ಊರು ನೋಡುತ್ತಿರುವಾಗ, "ಓದಲಾ ತಾಯಿ?" ಎಂದು ಕೇಳಬೇಕಾಯಿತು.

"ಬೇಡ. ನಾನೇ ಹೇಳ್ತೀನಿ."

ಗುಂಡಿಯ ತಲೆದಿಕ್ಕಿನಲ್ಲಿ ಕೂತೇ ಹೇಳಿದಳು. ದನಿ ಎತ್ತಲಿಲ್ಲ, ಸಂತೆಗೆ ಹೋಗಿ ಬಂದ ಸುದ್ದಿ ಹೇಳುವ ಹಾಗೆ ಹೇಳಿದಳು.

"ಇವನು ಬಂದಾಗ ನನಗೆ ಹದಿನಾರು. ಇವನಿಗೆ ನಮ್ಮ ಮಾತು ಬರ್ತಿರಲಿಲ್ಲ. ಕೋಳಿಗೆ ಏನಂತಾರೆ, ನೀರಿಗೆ ಏನಂತಾರೆ, ನಾನು ಹೇಳಿಕೊಟ್ಟೆ. ಅಕ್ಷರ ಇವನು ಹೇಳಿಕೊಟ್ಟ. ಬಾವಿ ತೋಡಿಸ್ದ, ಆ ನೀರು ಕುಡಿದಿದೀವಿ, ಸುಳ್ಳು ಹೇಳಬಾರದು. ಹೆಸರು ಬರೆದ. ಹೆಸರು ಹೊಡೆದ. ನನ್ನದೂ ಹೊಡೆದ. ನನ್ನ ಗಂಡನ ಹೆಣ ಬರ್ತಿದ್ದಾಗ ಬೆಲ್ ಹೊಡೆದ. ಮಾರ್ಗರೆಟಮ್ಮ ಹೋದ ಮೇಲೆ ಹಿಂದಿನ ಬಾಗಿಲಲ್ಲಿ ಒಬ್ಬನೇ ಕೂತು ಆಲೂಗಡ್ಡೆ ಸುಲೀತಿದ್ದ, ಇಬ್ಬರಿಗಾಗೋಷ್ಟು ಸುಲೀತಿದ್ದ, ನಾನು ನೋಡಿದೀನಿ. ಮೂವತ್ತೊಂದು ವರ್ಷದಲ್ಲಿ ಹನ್ನೊಂದು ಸಲ ಇವನ ಹತ್ರ ಹೋಗಿ ನನ್ನ ಹೆಸರು ಬರಿ ಅಂತ ಕೇಳ್ದೆ. ಹನ್ನೊಂದು ಸಲಾನೂ ಪ್ರಾರ್ಥನೆ ಮಾಡಿ ನೋಡ್ತೀನಿ ಅಂದ. ಮಾಡಿದ್ನೋ ಇಲ್ವೋ, ಈಗ ಕೇಳೋನ ಹತ್ರಾನೇ ಹೋಗ್ತಿದಾನೆ. ಇಷ್ಟೇ. ಇಳಿಸಿ."

ಯಾರೂ ಆಮೆನ್ ಎನ್ನಲಿಲ್ಲ. ಬಿಸ್ವಿಕ್ ಹಗ್ಗ ಹಿಡಿದ.

ಪೆಟ್ಟಿಗೆ ತಳ ಮುಟ್ಟಿತು. ಮೌನ ತಡೆಯಲಾರದ ಡಾಫುಲೇನಿ ಎರಡು ಹೆಜ್ಜೆ ಮುಂದೆ ಬಂದು ಗಂಟಲು ಸರಿಮಾಡಿಕೊಂಡ. "ಪ್ರಿಯರೇ, ಈ ದಿನ ದೇವರ ದಯೆಯಿಂದ ನಮ್ಮ ಈ ಸಹೋದರಿಯನ್ನು ಸಭೆ ಮತ್ತೆ..."

"ಹಿರಿಯರೇ," ಎಂದಳು ಅವ್ವ, "ನಿಮಗೆ ಮಾತಾಡಿ ಅಂತ ನಾನು ಹೇಳಿಲ್ಲ."

ಅವನು ಬಾಯಿ ತೆರೆದುಕೊಂಡೇ ಹಿಂದಕ್ಕೆ ಹೋದ. ಬಾಯಿ ಮುಚ್ಚಲು ನೆನಪಾದದ್ದು ಮಣ್ಣು ಬೀಳತೊಡಗಿದ ಮೇಲೆ.

ಸಾವಿನ ಊಟದಲ್ಲಿ ಮೊದಲ ಸಾಲು ಮೊಮ್ಮಕ್ಕಳದು. ಅವರು ಕೈ ತೊಳೆದು, ಕೋಳಿಯನ್ನು ಹಂಚಿಕೊಂಡು, ಸಾವಕಾಶವಾಗಿ ಉಂಡರು. ಬೆಳಗ್ಗೆಯಿಂದ ಹಸಿದ ಹಿರಿಯರು ತಟ್ಟೆ ಹಿಡಿದು ನಿಂತಿದ್ದರು. ನಾನು ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಒಲೆಯ ಹತ್ತಿರ ಹೋದೆ. ಕ್ಷಮೆ ಕೇಳಬೇಕೆಂದಿತ್ತು. ಅದರ ಬದಲು ಪುಸ್ತಕ ತೆರೆದು, "ನೋಡವ್ವ," ಎಂದೆ. ನನ್ನಂಥವನು ಅಷ್ಟೇ ಮಾಡಬಲ್ಲ.

ಅವ್ವ ಸೀರೆಯಂತೆ ಸುತ್ತಿಕೊಂಡಿದ್ದ ಬಟ್ಟೆಯ ತುದಿಗೆ ಕೈ ಒರೆಸಿಕೊಂಡು, ಪುಟದ ಮೇಲೆ ಬಾಗಿದಳು. ತನ್ನ ಹೆಸರನ್ನು ತುಟಿ ಅಲ್ಲಾಡಿಸುತ್ತ ಓದಿದಳು. ಎರಡು ಸಲ ಓದಿದಳು. ಆಗ ಅವಳ ಮುಖದಲ್ಲಿ ಏನೋ ಬಂದು ಹೋಯಿತು, ಅದಕ್ಕೆ ಹೆಸರಿಡುವ ಯೋಗ್ಯತೆ ನನಗಿಲ್ಲ.

"ಯಾವಾಗ ಬರೆದೆ?"

"ಇವತ್ತು. ಮಧ್ಯಾಹ್ನದ ಹೊತ್ತಿಗೆ."

"ವಾಸನೆ ಬರೋಕೆ ಮೊದಲಾ, ಆಮೇಲಾ?"

ಸುಳ್ಳು ಹೇಳಬಹುದಿತ್ತು. "ಆಮೇಲೆ."

"ಹೊಡೆದು ಹಾಕು."

"ಅವ್ವ, ಮೂವತ್ತೊಂದು ವರ್ಷ..."

"ಲೆಕ್ಕ ನನಗೆ ಗೊತ್ತು. ನಾನು ಕೇಳಿದ್ದು ಅವನ ಕೈಯಿಂದ. ಹೊಡೆದೋನು ಬರೀಬೇಕಿತ್ತು. ಅವನು ಹೋದ. ನೀವು ಐದು ಜನ ಮೂಗು ಮುಚ್ಕೊಂಡು ಕೈ ಎತ್ತಲಿ ಅಂತ ಅಲ್ಲ ನಾನು ಇಷ್ಟು ವರ್ಷ ಪ್ರತಿ ಭಾನುವಾರ ಬಂದಿದ್ದು. ನಾನು ಬರೋದು ಯಾರ ಹತ್ರ ಅಂತ ನಿಮಗೆ ಯಾರಿಗೂ ಗೊತ್ತಿಲ್ಲ. ಹೊಡಿ."

ಸೊಪ್ಪು ಸೋಸಿದ್ದ ಹೆಂಗಸು, "ಬೇಡ ಅಕ್ಕ, ಇರ್ಲಿ ಬಿಡು, ನಾವು ಬಂದು ಹಾಡ್ತೀವಿ," ಎಂದಳು.

"ಹಾಡಬೇಕು ಅನ್ನಿಸಿದ್ರೆ ಬಾ. ಪುಸ್ತಕ ನೋಡಿ ಬರಬೇಡ."

ಮೊಣಕಾಲಿನ ಮೇಲೆ ಪುಸ್ತಕ ಇಟ್ಟುಕೊಂಡು ಗೆರೆ ಎಳೆದೆ. ಹೇಳಿದವರು ಎದುರು ನಿಂತಿದ್ದರೆ ನಾನು ಯಾವ ಗೆರೆ ಬೇಕಾದರೂ ಎಳೆಯುತ್ತೇನೆ. ಹೆಸರು ಹೊಡೆದರೆ ಪಕ್ಕದಲ್ಲಿ ಕಾರಣ ಬರೆಯಬೇಕೆಂಬುದು ನಿಯಮ. ಹೆಂಡ ಕಾಯಿಸಿದಳು, ಮುಖವಾಡದ ಕುಣಿತಕ್ಕೆ ಹೋದ, ಎರಡನೇ ಹೆಂಡತಿ, ಹೀಗೆ ಪುಟಗಟ್ಟಲೆ ಗಿಲ್ಮೋರನ ಕೈಬರಹ.

"ಕಾರಣ ಏನಂತ ಬರೀಲಿ?" ಎಂದೆ.

"ಅವಳೇ ಬೇಡ ಅಂದಳು ಅಂತ ಬರಿ."

ಬರೆದೆ. ಡಾಫುಲೇನಿ ಸಾಲು ಬಿಟ್ಟು ಮುಂದೆ ಬಂದಿದ್ದ. ತಟ್ಟೆಯನ್ನು ಅವ್ವನ ಮುಂದೆ ಹಿಡಿದು, ಕಾಳು ಇನ್ನೂ ಉಳಿದಿದೆಯೇ ಎಂದು ಕೇಳಿದ.

ಇದೆ ಎಂದು ಅವ್ವ ಬಡಿಸಿದಳು.